ಬಿತ್ತನೆ ಯಂತ್ರ ಕೊಳ್ಳುವ ಮುಂಚೆ ಅದರ ತಟ್ಟೆ ಬಿಚ್ಚಿ ನೋಡಿ

(ಸಣ್ಣ ಹಿಡುವಳಿಯ ರೈತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಬಿತ್ತನೆ ಯಂತ್ರ ಅಂದ ತಕ್ಷಣ ಜನ ಕೇಳುವುದು ಎಷ್ಟು ಎಚ್‌ಪಿ, ಎಷ್ಟು ಸಾಲು, ದಿನಕ್ಕೆ ಎಷ್ಟು ಹೊಲ ಮುಗಿಯುತ್ತದೆ ಅಂತ. ಕೇಳಬೇಕಾದ ಪ್ರಶ್ನೆಗಳೇ, ಬೇಡ ಅನ್ನಲ್ಲ. ಆದರೆ ಅದಕ್ಕೂ ಮುಂಚೆ ಕೇಳಬೇಕಾದ್ದು ಬೇರೆ ಇದೆ. ನನ್ನ ಹತ್ತಿರ ಇರುವ ಬೀಜವನ್ನು ಈ ಯಂತ್ರ ಒಂದೊಂದಾಗಿ ಎತ್ತಿಕೊಳ್ಳುತ್ತದಾ? ಎಲ್ಲವನ್ನೂ ಒಂದೇ ಆಳಕ್ಕೆ ಇಳಿಸುತ್ತದಾ? ಹಸಿ ಮಣ್ಣಿಗೆ ತಾಗುವ ಹಾಗೆ ಕೂರಿಸುತ್ತದಾ? ಇಷ್ಟೇ.

ಮುಂದೆ ಎತ್ತು ಎಳೆಯಲಿ, ಟ್ರ್ಯಾಕ್ಟರ್ ಎಳೆಯಲಿ, ಹಿಂದಿನಿಂದ ಮನುಷ್ಯ ತಳ್ಳಲಿ, ಮಣ್ಣಿನೊಳಗಿನ ಬೀಜಕ್ಕೆ ಅದೆಲ್ಲ ಗೊತ್ತಾಗುವುದಿಲ್ಲ. ಬೀಜದ ಹಣೆಬರಹ ಬರೆಯುವುದು ಮೂರು ಭಾಗ: ಬೀಜ ಎಣಿಸುವ ತಟ್ಟೆ, ಸಾಲು ಸೀಳುವ ಗುಳ, ಹಿಂದೆ ಬಂದು ಮಣ್ಣು ಒತ್ತುವ ಚಕ್ರ. ಇವತ್ತು ನಾನು ಮಾತಾಡುವುದು ಜಾಸ್ತಿ ಈ ಮೂರರ ಬಗ್ಗೆಯೇ. ಇಂಜಿನ್ ಬಗ್ಗೆ ಹೇಳೋಕೆ ಮಾರುವವರು ಇದ್ದೇ ಇರುತ್ತಾರೆ.

ಮೊದಲು ಆಳದ ವಿಷಯ. ಮೆಕ್ಕೆಜೋಳವನ್ನೇ ತೆಗೆದುಕೊಳ್ಳಿ. ಸುಮಾರು 5 ಸೆಂ.ಮೀ. ಆಳ ಅದಕ್ಕೆ ಹಿತ. ಒಂದು ಬೀಜ 2 ಸೆಂ.ಮೀ.ಗೆ ಬಿತ್ತು, ಪಕ್ಕದ್ದು 8 ಸೆಂ.ಮೀ.ಗೆ ಹೋಯಿತು ಅಂತ ಇಟ್ಟುಕೊಳ್ಳಿ. ಮೇಲಿನದ್ದಕ್ಕೆ ಎರಡು ದಿನ ಬಿಸಿಲು ಹೊಡೆದರೆ ತೇವ ಆರಿ ಮೊಳಕೆ ಅಲ್ಲೇ ಒಣಗಬಹುದು. ಕೆಳಗಿನದ್ದು ಬದುಕಿದರೂ ನಾಲ್ಕೈದು ದಿನ ತಡವಾಗಿ ತಲೆ ಎತ್ತುತ್ತದೆ. ಅಷ್ಟೊತ್ತಿಗೆ ಅಕ್ಕಪಕ್ಕದ ಗಿಡ ಎಲೆ ಬಿಟ್ಟು ನೆರಳು ಮಾಡಿರುತ್ತವೆ. ಹಿಂದೆ ಬಿದ್ದ ಈ ಗಿಡ ಆಮೇಲೆ ಸರಿಸಮ ಬರುವುದೇ ಇಲ್ಲ. ನೀರು ಕುಡಿಯುತ್ತದೆ, ಗೊಬ್ಬರ ತಿನ್ನುತ್ತದೆ, ಕೊನೆಗೆ ಕೊಡುವುದು ಬೆರಳುದ್ದದ ತೆನೆ. ಹೊಲ ದೂರದಿಂದ ನೋಡೋಕೆ ತುಂಬಿದ ಹಾಗೆ ಕಾಣುತ್ತದೆ, ಆದರೆ ಅದರಲ್ಲಿ ಒಂದಿಷ್ಟು ಗಿಡ ಕಳೆಯ ಕೆಲಸ ಮಾಡುತ್ತಿರುತ್ತವೆ. ಎಳ್ಳು, ರಾಗಿಯಂಥ ಸಣ್ಣ ಬೀಜಕ್ಕೆ ಇನ್ನೂ ಕಷ್ಟ. ಅವುಗಳಲ್ಲಿ ತಿಂದು ಮೇಲೆ ಬರುವಷ್ಟು ಬುತ್ತಿ ಇರುವುದಿಲ್ಲ. ಒಂದೆರಡು ಸೆಂ.ಮೀ. ದಾಟಿ ಆಳಕ್ಕೆ ಹೋದರೆ ಮೊಳಕೆ ಒಳಗೇ ಸೋತು ಹೋಗುತ್ತದೆ.

ದೊಡ್ಡ ಹೊಲದವನಿಗೆ ಅಲ್ಲಲ್ಲಿ ಸಾಲು ತಪ್ಪಿದರೆ ಲೆಕ್ಕದಲ್ಲಿ ಮುಚ್ಚಿ ಹೋಗಬಹುದು. ಸಣ್ಣ ಹೊಲದಲ್ಲಿ ಹಾಗಲ್ಲ. ಇರುವುದೇ ಅಷ್ಟು ಜಾಗ, ಇರುವುದೇ ಅಷ್ಟು ಬೀಜ, ಹದ ಸಿಗುವುದೇ ಕೆಲವು ದಿನ. ಮತ್ತೆ ಬಿತ್ತೋಣ ಅಂದರೆ ಅಷ್ಟರಲ್ಲಿ ಹದ ಹೋಗಿರುತ್ತದೆ. ಅದಕ್ಕೇ ನಾನು ಪದೇ ಪದೇ ಹೇಳುವುದು, ಸಣ್ಣ ರೈತನಿಗೆ ಬೇಕಾದ್ದು ಸಣ್ಣ ಯಂತ್ರ, ಆದರೆ ಕಡಿಮೆ ಗುಣಮಟ್ಟದ ಯಂತ್ರ ಅಲ್ಲ. ಮಾರುಕಟ್ಟೆಯಲ್ಲಿ ಈ ಎರಡನ್ನೂ ಒಂದೇ ಅಂದುಕೊಂಡವರು ಬಹಳ ಜನ ಇದ್ದಾರೆ. ಅದು ನನಗೆ ನಿಜಕ್ಕೂ ಬೇಸರದ ಸಂಗತಿ.

ಸಾಲಾಗಿ ಬಿತ್ತುವ ಸಾಧನ ಹೊಸದೇನಲ್ಲ. ಮೆಸೊಪೊಟೇಮಿಯಾದ ಹಳೆಯ ಮುದ್ರೆಗಳಲ್ಲಿ ಬೀಜ ಇಳಿಸುವ ಕೊಳವೆ ಇರುವ ನೇಗಿಲಿನ ಚಿತ್ರ ಇದೆ. ಚೀನಾದಲ್ಲಿ 2,000 ವರ್ಷಕ್ಕೂ ಹಿಂದೆಯೇ ಹಲವು ಕೊಳವೆಯ ಕೂರಿಗೆ ಇತ್ತು. ಎತ್ತಿನ ಕೂರಿಗೆ ನಮಗೆಲ್ಲ ಗೊತ್ತೇ ಇದೆ. ಇದರಲ್ಲಿ ಒಂದು ವಿಷಯ ಗಮನಿಸಿ. ಆಳವನ್ನು ಗುಳ ನೋಡಿಕೊಳ್ಳುತ್ತದೆ, ಸಾಲಿನ ಅಂತರವನ್ನು ಕೂರಿಗೆಯ ದಿಂಡು ನೋಡಿಕೊಳ್ಳುತ್ತದೆ, ಆದರೆ ಎಷ್ಟು ಬೀಜ ಬೀಳಬೇಕು ಅನ್ನುವುದು ಬಟ್ಟಲಿಗೆ ಬೀಜ ಬಿಡುವವರ ಬೆರಳಲ್ಲಿ ಇರುತ್ತದೆ. ಎಷ್ಟೋ ಕಡೆ ಅದು ಹೆಣ್ಣುಮಕ್ಕಳ ಕೈ. ಎತ್ತಿನ ನಡಿಗೆಗೆ ಸರಿಯಾಗಿ, ದಿನವಿಡೀ, ಒಂದೇ ಹದದಲ್ಲಿ ಬೀಜ ಬಿಡುವುದು ಸುಮ್ನೆ ಬರುವ ವಿದ್ಯೆ ಅಲ್ಲ. ಇಂಗ್ಲೆಂಡಿನಲ್ಲಿ 1701ರ ಹೊತ್ತಿಗೆ ಜೆಥ್ರೋ ಟಲ್ ಮಾಡಿದ ಯಂತ್ರದಲ್ಲಿ ಆ ಕೆಲಸವನ್ನು ತೋಡು ಕೊರೆದ ಒಂದು ಉರುಳೆಗೆ ವಹಿಸಿದ. ಚಕ್ರ ತಿರುಗಿದಂತೆ ಉರುಳೆ ತಿರುಗಬೇಕು, ಉರುಳೆ ತಿರುಗಿದಂತೆ ಬೀಜ ಬೀಳಬೇಕು. ಯಂತ್ರ ಮುಂದೆ ಹೋದರೆ ಮಾತ್ರ ಬೀಜ, ನಿಂತರೆ ಇಲ್ಲ. ಇವತ್ತಿನ ಸಾದಾ ಯಂತ್ರಗಳಲ್ಲಿ ಬಹುಪಾಲು ನಡೆಯುವುದು ಇದೇ ತತ್ವದ ಮೇಲೆ.

ಈಗ ಮೇಜಿನ ಮೇಲಿರುವ ಈ ತಟ್ಟೆ ನೋಡಿ. ಹಿಂದೆ ಕೂತವರು ಮುಂದೆ ಬನ್ನಿ, ಇದನ್ನು ಹತ್ತಿರದಿಂದ ನೋಡಲೇಬೇಕು.

ಅಂಗೈಗಿಂತ ಸ್ವಲ್ಪ ದೊಡ್ಡದು, ಪ್ಲಾಸ್ಟಿಕ್ಕಿನದು. ಅಂಚಿನ ಸುತ್ತ 8 ಕಚ್ಚು ಇವೆ. ಪೆಟ್ಟಿಗೆಯೊಳಗೆ ಇದು ಓರೆಯಾಗಿ ಕೂತು ತಿರುಗುತ್ತದೆ. ಕೆಳಗೆ ಬೀಜದ ರಾಶಿ ಇರುತ್ತದೆ, ಕಚ್ಚು ಆ ರಾಶಿಯೊಳಗೆ ಮುಳುಗಿ ಒಂದು ಬೀಜ ಹೊತ್ತು ಮೇಲೆ ಬರುತ್ತದೆ, ಜಾಸ್ತಿ ಹತ್ತಿದ್ದು ಓರೆಯ ಮೇಲೆ ತಾನಾಗೇ ಉರುಳಿ ಕೆಳಗೆ ಬೀಳುತ್ತದೆ, ಉಳಿದ ಒಂದು ಬೀಜ ಮೇಲಿನ ಕಿಂಡಿಗೆ ಬಂದು ಕೊಳವೆಯೊಳಗೆ ಇಳಿಯುತ್ತದೆ. ಇಲ್ಲಿ ಬೀಜವನ್ನು ಅದುಮುವುದು, ಉಜ್ಜುವುದು ಕಡಿಮೆ. ಹಾಗಾಗಿ ಸಿಪ್ಪೆ ಬಿಡಿಸಿದ ಶೇಂಗಾದಂಥ ನಾಜೂಕು ಬೀಜಕ್ಕೆ ಓರೆ ತಟ್ಟೆ ಒಳ್ಳೆಯದು.

ನಿಮ್ಮ ಬೀಜದ ಒಂದು ಕಾಳು ತೆಗೆದು ಕಚ್ಚಿನಲ್ಲಿ ಇಡಿ. ಸಲೀಸಾಗಿ ಕೂರಬೇಕು, ಆದರೆ ಪಕ್ಕದಲ್ಲಿ ಇನ್ನೊಂದಕ್ಕೆ ಜಾಗ ಇರಬಾರದು. ತಟ್ಟೆಯ ದಪ್ಪ ಕಾಳಿನ ದಪ್ಪಕ್ಕೆ ಹೆಚ್ಚುಕಡಿಮೆ ಸಮ ಇರಬೇಕು. ತಟ್ಟೆ ದಪ್ಪ ಇದ್ದರೆ ಒಂದರ ಮೇಲೊಂದು ಎರಡು ಕಾಳು ಕೂರುತ್ತವೆ, ತೆಳು ಇದ್ದರೆ ಅರ್ಧ ದಾರಿಯಲ್ಲಿ ಜಾರುತ್ತವೆ. ಆಮೇಲೆ ಪೆಟ್ಟಿಗೆ ತುಂಬಿ, ಚಕ್ರವನ್ನು ಕೈಯಲ್ಲಿ ನಿಧಾನ ತಿರುಗಿಸಿ, 100 ಕಚ್ಚು ಹೊರಗೆ ಬರುವ ತನಕ ನೋಡಿ. ಎಷ್ಟು ಖಾಲಿ ಬಂದವು, ಎಷ್ಟರಲ್ಲಿ ಎರಡೆರಡು ಬಂದವು ಎಣಿಸಿ. ಇದೇ ಆಟವನ್ನು ಜೋರಾಗಿ ತಿರುಗಿಸಿ ಮತ್ತೊಮ್ಮೆ ಮಾಡಿ. ಖಾಲಿ ಕಚ್ಚು ಎಷ್ಟು ಹೆಚ್ಚಾಯಿತು ಅನ್ನುವುದನ್ನು ನೋಡಿದರೆ ಹೊಲದಲ್ಲಿ ಯಾಕೆ ಅವಸರ ಮಾಡಬಾರದು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಕಚ್ಚಿಗೆ ಬೀಜ ತುಂಬಿಕೊಳ್ಳಲು ಸಮಯ ಬೇಕು. ಗಂಟೆಗೆ 3-4 ಕಿ.ಮೀ., ಅಂದರೆ ಮನುಷ್ಯ ನಡೆಯುವ ವೇಗ, ಇಂಥ ಯಂತ್ರಕ್ಕೆ ಸರಿಯಾದ ವೇಗ.

ಇನ್ನೊಂದು ಮಾತು. ಯಂತ್ರದ ಮೂಲಕ ಬಿದ್ದ ಬೀಜದಲ್ಲಿ 100 ಕಾಳು, ಚೀಲದಿಂದ ನೇರ ತೆಗೆದ 100 ಕಾಳು, ಎರಡನ್ನೂ ಬೇರೆ ಬೇರೆ ಒದ್ದೆ ಬಟ್ಟೆಯಲ್ಲಿ ಮೊಳಕೆಗೆ ಇಡಿ. ಯಂತ್ರದಿಂದ ಬಂದದ್ದರಲ್ಲಿ ಮೊಳಕೆ ಎದ್ದು ಕಾಣುವಷ್ಟು ಕಡಿಮೆ ಇದ್ದರೆ ಒಳಗೆ ಎಲ್ಲೋ ಬೀಜ ಒಡೆಯುತ್ತಿದೆ. ಕಣ್ಣಿಗೆ ಕಾಣದ ಸೀಳು ಕೂಡ ಮೊಳಕೆ ಕೆಡಿಸುತ್ತದೆ.

ಮನೆಯಲ್ಲೇ ಉಳಿಸಿಕೊಂಡ ಬೀಜ ಬಿತ್ತುವವರು ಇಲ್ಲಿ ಜಾಸ್ತಿ ಹುಷಾರಾಗಿರಬೇಕು. ಆ ಬೀಜ ದಪ್ಪ, ಸಣ್ಣ ಎಲ್ಲ ಬೆರೆತಿರುತ್ತದೆ. ಕಂಪನಿ ತಟ್ಟೆ ಮಾಡಿರುವುದು ಒಂದೇ ಗಾತ್ರದ ಕಾಳಿಗೆ. ಜರಡಿ ಹಿಡಿದು ಎರಡು ಗಾತ್ರ ಮಾಡಿಕೊಳ್ಳಿ, ಎರಡಕ್ಕೂ ಬೇರೆ ತಟ್ಟೆ ಹಾಕಿ. ಬೇರೆ ಬೇರೆ ಕಚ್ಚಿನ ತಟ್ಟೆಗಳು ಸಿಗದ ಯಂತ್ರ, ನೋಡೋಕೆ ಎಷ್ಟೇ ಚೆಂದ ಇದ್ದರೂ, ನಿಮಗೆ ಬೇಡ. ಬೀಜೋಪಚಾರ ಮಾಡಿದ, ಅಂದರೆ ಔಷಧಿ ಹಚ್ಚಿದ ಬೀಜ ಅಂಟಂಟಾಗಿ ಕಚ್ಚಿನಲ್ಲೇ ಸಿಕ್ಕಿಕೊಳ್ಳುತ್ತದೆ. ಪೂರ್ತಿ ಒಣಗಿಸಿ, ಸ್ವಲ್ಪ ಟಾಲ್ಕ್ ಅಥವಾ ಗ್ರಾಫೈಟ್ ಪುಡಿ ಬೆರೆಸಿದರೆ ಹರಿಯುತ್ತದೆ. ಕೈಗವಸು ಹಾಕಿಕೊಂಡೇ ಮುಟ್ಟಿ.

ಗೋಧಿ, ಭತ್ತದಂಥ ಒತ್ತಾಗಿ ಬಿತ್ತುವ ಬೆಳೆಗೆ ಒಂದೊಂದೇ ಕಾಳು ಎಣಿಸುವ ಗೋಜಿಲ್ಲ, ತೋಡಿನ ಉರುಳೆ ಸಾಕು. ಗಾಳಿ ಎಳೆದು ಬೀಜ ಹಿಡಿಯುವ ವ್ಯಾಕ್ಯೂಮ್ ಯಂತ್ರಗಳು ತುಂಬ ನಿಖರ, ಬೀಜದ ಗಾತ್ರದ ಬಗ್ಗೆ ಅಷ್ಟು ತಲೆಕೆಡಿಸಿಕೊಳ್ಳುವುದಿಲ್ಲ. ಆದರೆ ಬ್ಲೋವರ್ ಬೇಕು, ಅದನ್ನು ತಿರುಗಿಸಲು ಟ್ರ್ಯಾಕ್ಟರಿನ ಪಿಟಿಒ, ಅಂದರೆ ಇಂಜಿನ್ ಬಲವನ್ನು ಹೊರಗಿನ ಯಂತ್ರಕ್ಕೆ ಕೊಡುವ ತಿರುಗು ದಂಡ, ಬೇಕು. ಸಣ್ಣ ತುಂಡು ಹೊಲಕ್ಕೆ ಅದು ಭಾರ.

ಈಗ ಸ್ವಲ್ಪ ಲೆಕ್ಕ. ಲೆಕ್ಕ ಅಂದರೆ ಎದ್ದು ಹೋಗಬೇಡಿ, ಒಂದು ಅಳತೆ ಟೇಪು, ಒಂದು ಸೀಮೆಸುಣ್ಣ ಇದ್ದರೆ ಆಯಿತು.

ತಟ್ಟೆ ತಿರುಗಿಸುವ ಚಕ್ರದ ವ್ಯಾಸ 50 ಸೆಂ.ಮೀ. ಅಂದುಕೊಳ್ಳಿ. ಅದರ ಸುತ್ತಳತೆ 157 ಸೆಂ.ಮೀ. ಚಕ್ರ ಒಂದು ಸುತ್ತು ಹಾಕಿದರೆ ತಟ್ಟೆಯೂ ಒಂದು ಸುತ್ತು ಹಾಕುತ್ತದೆ ಅಂದರೆ, 8 ಕಚ್ಚಿನ ತಟ್ಟೆ 157 ಸೆಂ.ಮೀ.ನಲ್ಲಿ 8 ಬೀಜ ಬಿಡುತ್ತದೆ. ಬೀಜದಿಂದ ಬೀಜಕ್ಕೆ 19.6 ಸೆಂ.ಮೀ. 6 ಕಚ್ಚಿನ ತಟ್ಟೆ ಹಾಕಿದರೆ 26 ಸೆಂ.ಮೀ. ಇದು ಕಾಗದದ ಲೆಕ್ಕ. ಹೊಲದಲ್ಲಿ ಚಕ್ರ ಜಾರುತ್ತದೆ. ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಸಡಿಲ ಮಣ್ಣಿನಲ್ಲಿ 10 ಸುತ್ತು ಓಡಿಸಿ ದೂರ ಅಳೆಯಿರಿ. 15.7 ಮೀಟರ್ ಬರಬೇಕಾದಲ್ಲಿ 17.3 ಮೀಟರ್ ಬಂದರೆ ಬೀಜದ ಅಂತರ 19.6 ಅಲ್ಲ, 21.6 ಆಗಿಬಿಟ್ಟಿದೆ. ಚಕ್ರದ ಹಲ್ಲು ಸವೆದಿದ್ದರೆ, ಅದರ ಮೇಲೆ ಭಾರ ಸಾಲದಿದ್ದರೆ ಹೀಗಾಗುತ್ತದೆ. ಬೀಜ ಕಡಿಮೆ ಬಿತ್ತು ಅಂತ ತಟ್ಟೆ ಬೈಯುವ ಮುಂಚೆ ಚಕ್ರ ನೋಡಿ.

ಸಾಲಿನಿಂದ ಸಾಲಿಗೆ 60, ಗಿಡದಿಂದ ಗಿಡಕ್ಕೆ 20 ಸೆಂ.ಮೀ. ಇಟ್ಟರೆ ಹೆಕ್ಟೇರಿಗೆ 83,333 ಗಿಡ. ನೂರಕ್ಕೆ 90 ಮೊಳೆಯುವ ಬೀಜ ಆದರೆ ಸುಮಾರು 92,600 ಕಾಳು ಬೇಕು. ಸಾವಿರ ಕಾಳು 250 ಗ್ರಾಂ ತೂಗಿದರೆ ಅದು 23 ಕೆ.ಜಿ. ಬಿತ್ತನೆ ಮುಗಿದ ಮೇಲೆ ಚೀಲದಲ್ಲಿ ಉಳಿದದ್ದು ಈ ಲೆಕ್ಕಕ್ಕೆ ತಾಳೆ ಆಗದಿದ್ದರೆ ಎಲ್ಲೋ ಎಡವಟ್ಟಾಗಿದೆ.

ಉರುಳೆ ಇರುವ ಕೂರಿಗೆಗೆ ತಕ್ಕಡಿ ಲೆಕ್ಕ. 6 ಸಾಲು, ಸಾಲಿಗೆ 20 ಸೆಂ.ಮೀ., ಅಗಲ 1.2 ಮೀಟರ್. ಅದೇ ಚಕ್ರವನ್ನು ಎತ್ತಿ ಹಿಡಿದು 20 ಸುತ್ತು ತಿರುಗಿಸಿದರೆ 31.4 ಮೀಟರ್ ನಡೆದ ಹಾಗೆ, ಅಂದರೆ ಸುಮಾರು 37.7 ಚದರ ಮೀಟರ್. ಹೆಕ್ಟೇರಿಗೆ 100 ಕೆ.ಜಿ. ಬಿತ್ತಬೇಕಿದ್ದರೆ ಎಲ್ಲ ಕೊಳವೆಗಳ ಕೆಳಗೆ ಕಟ್ಟಿದ ಚೀಲಗಳಲ್ಲಿ ಒಟ್ಟು 377 ಗ್ರಾಂ ಬೀಳಬೇಕು. ಕಡಿಮೆ ಬಿದ್ದರೆ ಉರುಳೆಯ ತೋಡನ್ನು ಇನ್ನಷ್ಟು ತೆರೆಯಿರಿ. ಒಂದೊಂದು ಚೀಲವನ್ನೂ ಬೇರೆ ಬೇರೆ ತೂಗಿ, ಯಾಕೆಂದರೆ ಮೊತ್ತ ಸರಿ ಇದ್ದು ಒಂದು ಕೊಳವೆಯಲ್ಲಿ ಜಾಸ್ತಿ ಇನ್ನೊಂದರಲ್ಲಿ ಕಡಿಮೆ ಬೀಳುವುದೂ ಉಂಟು.

ಗುಳಕ್ಕೆ ಬರೋಣ. ಹಗುರ ಯಂತ್ರಕ್ಕೆ, ಅಂದರೆ ಎತ್ತಿನದ್ದಕ್ಕೆ, ಹಿಂದೆ ನಡೆದು ಓಡಿಸುವ ಎರಡು ಚಕ್ರದ ಟ್ರ್ಯಾಕ್ಟರಿನದ್ದಕ್ಕೆ, ಮಣ್ಣು ಸೀಳುವ ಚೂಪು ಗುಳ ಸಾಕು. ಸವೆದರೆ ಕುಲುಮೆಯಲ್ಲಿ ತಟ್ಟಿಸಬಹುದು. ಹಿಂದಿನ ಬೆಳೆಯ ಕಡ್ಡಿ ಜಾಸ್ತಿ ಇದ್ದರೆ ಮಾತ್ರ ಅದಕ್ಕೆ ಸಿಕ್ಕಿಕೊಂಡು ತೊಂದರೆ. ಆಗ ಜನ ಗುಳದ ಬದಲು ಡಿಸ್ಕ್, ಅಂದರೆ ಉರುಳುವ ದುಂಡು ಅಲಗು, ಇರುವ ಯಂತ್ರ ಕೇಳುತ್ತಾರೆ. ಡಿಸ್ಕ್ ಕಡ್ಡಿ ಕತ್ತರಿಸುವುದು ತನ್ನ ಮೇಲಿನ ಭಾರದಿಂದ. ಹಗುರ ಯಂತ್ರದಲ್ಲಿ ಆ ಭಾರ ಎಲ್ಲಿಂದ ಬರಬೇಕು? ಅದು ಕಡ್ಡಿಯನ್ನು ಕತ್ತರಿಸದೆ ಮಡಿಚಿ ಸಾಲಿನೊಳಗೆ ತುರುಕುತ್ತದೆ, ಬೀಜ ಹೋಗಿ ಆ ಕಡ್ಡಿಯ ಮೇಲೆ ಕೂರುತ್ತದೆ, ಮಣ್ಣಿಗೆ ತಾಗುವುದೇ ಇಲ್ಲ. ಮೇಲಿನಿಂದ ನೋಡಿದರೆ ಬಿತ್ತನೆ ಚೆನ್ನಾಗೇ ಆಗಿದೆ ಅನ್ನಿಸುತ್ತದೆ. ಮೊಳಕೆ ಮಾತ್ರ ಬರುವುದಿಲ್ಲ. ದೊಡ್ಡ ಯಂತ್ರದ ಭಾಗವನ್ನು ಸಣ್ಣದಕ್ಕೆ ತಂದು ಜೋಡಿಸಿದರೆ ಸಣ್ಣ ಯಂತ್ರ ಆಗಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಒತ್ತು ಚಕ್ರವನ್ನು ಬಹಳ ಜನ ಅಲಂಕಾರ ಅಂದುಕೊಳ್ಳುತ್ತಾರೆ. ಬೀಜ ನೀರು ಹೀರುವುದು ತನಗೆ ಅಂಟಿಕೊಂಡ ಮಣ್ಣಿನಿಂದ. ಸುತ್ತ ಗಾಳಿ ಗುಳ್ಳೆ ಇದ್ದರೆ, ಹೆಂಟೆ ಮಧ್ಯೆ ಸಿಕ್ಕಿಕೊಂಡಿದ್ದರೆ, ಪಕ್ಕದಲ್ಲೇ ತೇವ ಇದ್ದರೂ ಬೀಜಕ್ಕೆ ಸಿಗುವುದಿಲ್ಲ. ಹಾಗಂತ ಜೇಡಿ ಮಣ್ಣು ಹಸಿಯಾಗಿದ್ದಾಗ ಗಟ್ಟಿ ಒತ್ತಿದರೆ ಮೇಲೆ ಹೆಪ್ಪುಗಟ್ಟಿ ಮೊಳಕೆಗೆ ಬಾಗಿಲು ಮುಚ್ಚಿದ ಹಾಗೆ. ಒತ್ತಡ ಹೆಚ್ಚುಕಡಿಮೆ ಮಾಡುವ ಸ್ಪ್ರಿಂಗು ಇದೆಯಾ ನೋಡಿ.

ಗೊಬ್ಬರದ ಪೆಟ್ಟಿಗೆ ಜೊತೆಗೇ ಬಂದರೆ ಒಳ್ಳೆಯದು. ಆದರೆ ಗೊಬ್ಬರದ ಕೊಳವೆ ಬೀಜದ ಕೊಳವೆಗೇ ಸೇರಿದ್ದರೆ ಬೇಡ. ಯೂರಿಯಾ ಬೀಜಕ್ಕೆ ತಾಗಿದರೆ ಅದರಿಂದ ಏಳುವ ಅಮೋನಿಯ ಮೊಳಕೆ ಸುಡುತ್ತದೆ. ಬೀಜದ ಪಕ್ಕಕ್ಕೆ 5, ಕೆಳಕ್ಕೆ 5 ಸೆಂ.ಮೀ. ದೂರದಲ್ಲಿ ಗೊಬ್ಬರ ಬೀಳುವ ಹಾಗೆ ಬೇರೆ ಗುಳ ಇರಬೇಕು.

ಟ್ರ್ಯಾಕ್ಟರ್ ಇಲ್ಲದವರಿಗೆ ಯಂತ್ರವೇ ಇಲ್ಲ ಅಂದುಕೊಳ್ಳಬೇಡಿ. ನಿಂತಲ್ಲೇ ನೆಲಕ್ಕೆ ಚುಚ್ಚಿ, ಹಿಡಿ ಆಡಿಸಿ ಬೀಜ ಬಿಡುವ ಕೈ ಸಾಧನ ಬ್ರೆಜಿಲ್‌ನಲ್ಲಿ ಮನೆಮಾತು. ಅಲ್ಲಿ ಅದನ್ನು ಮಟ್ರಾಕಾ ಅನ್ನುತ್ತಾರೆ. ಅಮೆರಿಕದ ಒಕ್ಲಹಾಮಾ ಸ್ಟೇಟ್ ಯೂನಿವರ್ಸಿಟಿಯವರು ಒಂದು ಏಟಿಗೆ ಒಂದೇ ಮೆಕ್ಕೆಜೋಳದ ಕಾಳು ಬಿಡುವ ಕೈ ಸಾಧನ ಮಾಡಿದರು. ಔಷಧಿ ಹಚ್ಚಿದ ಬೀಜವನ್ನು ಬರಿಗೈಯಲ್ಲಿ ಮುಟ್ಟುವುದು ತಪ್ಪಲಿ ಅನ್ನುವುದೂ ಅವರ ಉದ್ದೇಶವಾಗಿತ್ತು. ನನಗೆ ಈ ಕಾಳಜಿ ಬಹಳ ಹಿಡಿಸಿತು. ಹೆಕ್ಟೇರಿಗೆ 83 ಸಾವಿರ ಗಿಡ ಅಂದೆವಲ್ಲ, ಒಂದೊಂದನ್ನೂ ಬಗ್ಗಿ ಊರುವ ಬೆನ್ನು ಯಾರದ್ದು ಅಂತ ಯೋಚಿಸಿ. ನಿಂತೇ ಊರುವ ಹಾಗಾದರೆ ಅದು ಸಣ್ಣ ವಿಷಯ ಅಲ್ಲ. ಆದರೂ ಕೈ ಸಾಧನದಲ್ಲಿ ಅಷ್ಟೂ ಸಲ ಚುಚ್ಚಲೇಬೇಕು. ಚಕ್ರದ ಮೇಲೆ ತಳ್ಳುವ ಒಂದು ಸಾಲಿನ ಯಂತ್ರದಲ್ಲಿ ಚುಚ್ಚುವುದಿಲ್ಲ, ಆದರೆ ಹೆಕ್ಟೇರಿಗೆ 16.7 ಕಿ.ಮೀ. ನಡಿಗೆ ಇದೆ. ಕಾಲೆಕರೆ, ಅರ್ಧ ಎಕರೆಗೆ ಇವು ಹೇಳಿ ಮಾಡಿಸಿದ ಹಾಗಿವೆ. ಅದಕ್ಕಿಂತ ಜಾಸ್ತಿ ಆದರೆ ಎಳೆಯೋಕೆ ಬೇರೆ ಬಲ ಬೇಕು.

ಭತ್ತದವರಿಗೆ ಡ್ರಮ್ ಸೀಡರ್ ಇದೆ. ಕೆಸರು ಗದ್ದೆಯಲ್ಲಿ ಒಬ್ಬರು ಎಳೆದುಕೊಂಡು ಹೋಗಬಹುದು. ತೂತಿರುವ ಡ್ರಮ್ಮಿನಲ್ಲಿ ಮೊಳಕೆ ಕಟ್ಟಿದ ಭತ್ತ ತುಂಬಬೇಕು. ಮೊಳಕೆ ಆಗ ತಾನೇ ಇಣುಕಿರಬೇಕು, 1-2 ಮಿ.ಮೀ. ಸಾಕು. ಉದ್ದ ಬಂದರೆ ಒಂದಕ್ಕೊಂದು ಹೆಣೆದುಕೊಂಡು ತೂತಿನಲ್ಲಿ ಇಳಿಯುವುದೇ ಇಲ್ಲ. ಡ್ರಮ್ಮನ್ನು ಪೂರ್ತಿ ತುಂಬಬೇಡಿ, ಬೀಜ ಉರುಳಾಡೋಕೆ ಜಾಗ ಬಿಡಿ. ಗದ್ದೆ ಚೆನ್ನಾಗಿ ಸಮ ಇರಬೇಕು, ನೀರು ಬಸಿದಿರಬೇಕು.

ಎರಡು ಚಕ್ರದ ಟ್ರ್ಯಾಕ್ಟರಿನ ವಿಷಯದಲ್ಲಿ ಬಾಂಗ್ಲಾದೇಶವನ್ನು ನೋಡಬೇಕು. ಅಲ್ಲಿ ಹೊಲಗಳು ತುಂಬ ಸಣ್ಣವು, ಒಬ್ಬೊಬ್ಬರೂ ಯಂತ್ರ ಕೊಂಡರೆ ಗಿಟ್ಟುವುದಿಲ್ಲ. ಒಬ್ಬರು ಕೊಂಡು ಅಕ್ಕಪಕ್ಕದವರಿಗೆ ಬಾಡಿಗೆಗೆ ಉತ್ತು, ಬಿತ್ತಿ ಕೊಡುತ್ತಾರೆ. ಆಫ್ರಿಕಾದ ಇಥಿಯೋಪಿಯಾ, ಕೀನ್ಯಾ, ಟಾಂಜಾನಿಯಾ, ಜಿಂಬಾಬ್ವೆಗಳಲ್ಲೂ 2013ರಿಂದ ಸಿಮಿಟ್ ಅನ್ನುವ ಅಂತರರಾಷ್ಟ್ರೀಯ ಮೆಕ್ಕೆಜೋಳ, ಗೋಧಿ ಸಂಶೋಧನಾ ಸಂಸ್ಥೆಯ ನೇತೃತ್ವದಲ್ಲಿ ಇದೇ ದಾರಿಯ ಯೋಜನೆ ನಡೆಯಿತು. ಬಾಡಿಗೆ ಪದ್ಧತಿ ನನಗೆ ಇಷ್ಟ, ಆದರೆ ಒಂದು ಷರತ್ತು. ಬಾಡಿಗೆಗೆ ಬಂದವರಿಗೆ ಮುಂದಿನ ಹೊಲದ ಅವಸರ ಇರುತ್ತದೆ, ತಟ್ಟೆ ಬದಲಿಸುವ ತಾಳ್ಮೆ ಇರುವುದಿಲ್ಲ. ನಿಂತು ಕೇಳಿ. ಹೊಲ ನಿಮ್ಮದು, ಬೀಜ ನಿಮ್ಮದು.

ಆಮೇಲೆ ಬಂದ ಪ್ರಶ್ನೆಗಳಲ್ಲಿ ಮೊದಲನೆಯದು: ಕೈಯಲ್ಲಿ ಎರಚಿದರೂ ಬೆಳೆ ಬರುತ್ತೆ ಅಲ್ವಾ, ಇಷ್ಟೆಲ್ಲ ಯಾಕೆ?

ಬರುತ್ತದೆ. ಮೇವಿನ ಬೆಳೆಗೆ, ಹಸಿರೆಲೆ ಗೊಬ್ಬರದ ಬೆಳೆಗೆ ಎರಚಿದರೆ ನಾನೇನೂ ಅನ್ನಲ್ಲ. ಉಳಿದ ಬೆಳೆಗೆ ಮಾತ್ರ ಕಳೆಯ ಬಗ್ಗೆ ಯೋಚಿಸಿ. ಸಾಲು ಇದ್ದರೆ ನಡುವೆ ಎಡೆಕುಂಟೆ ಹೊಡೆಯಬಹುದು, ತಳ್ಳುವ ಕಳೆ ಯಂತ್ರ ಓಡಿಸಬಹುದು. ಎರಚಿದ ಹೊಲದಲ್ಲಿ ಕೂತು ಕೈಯಲ್ಲೇ ಕೀಳಬೇಕು. ಬಿತ್ತುವಾಗ ಉಳಿಸಿದ ಒಂದು ದಿನವನ್ನು ಕಳೆ ಕೀಳುವಾಗ ಹತ್ತು ದಿನ ಮಾಡಿ ತೀರಿಸಬೇಕಾಗುತ್ತದೆ.

ಒಬ್ಬ ತಾಯಿ ಕೇಳಿದರು: ಒಂದೇ ಯಂತ್ರದಲ್ಲಿ ಎಲ್ಲ ಬೆಳೆ ಬಿತ್ತಬಹುದು ಅನ್ನುತ್ತಾರಲ್ಲ, ನಿಜವಾ?

ತಟ್ಟೆ ಬದಲಿಸಿ ಮೆಕ್ಕೆಜೋಳ, ಶೇಂಗಾ, ಕಡಲೆ, ಸೂರ್ಯಕಾಂತಿ ಇಷ್ಟನ್ನು ಒಂದರಲ್ಲೇ ಮಾಡಬಹುದಮ್ಮ. ರಾಗಿ, ಎಳ್ಳಿನಂಥ ಪುಟ್ಟ ಬೀಜಕ್ಕೆ ಅದೇ ಪೆಟ್ಟಿಗೆ ಕಷ್ಟ, ಸಂದಿನಲ್ಲೆಲ್ಲ ಸೋರುತ್ತದೆ. ಎಲ್ಲ ಬೆಳೆಗೂ ಆಗುತ್ತದೆ ಅಂದವರಿಗೆ ನೀವು ಒಂದು ಹಿಡಿ ಎಳ್ಳು ಕೊಟ್ಟು ಈಗಲೇ ಓಡಿಸಿ ತೋರಿಸಿ ಅನ್ನಿ. ಮತ್ತೆ ಹಿಡಿಯ ಎತ್ತರ ನಿಮ್ಮ ಸೊಂಟಕ್ಕೆ ಸರಿಯಾಗಿ ಇಳಿಸೋಕೆ ಬರುತ್ತಾ, ತಿರುವಿನಲ್ಲಿ ಎತ್ತಿ ತಿರುಗಿಸೋಕೆ ನಿಮ್ಮ ಕೈಲಿ ಆಗುತ್ತಾ, ಅದನ್ನೂ ಅಲ್ಲೇ ನೋಡಿಕೊಳ್ಳಿ. ಯಂತ್ರ ಓಡಿಸುವವರು ನೀವಾದರೆ ನೋಡುವವರೂ ನೀವೇ ಆಗಿರಬೇಕು.

ಕೊನೆಗೆ ಒಬ್ಬರು ಹಳೆಯ ಯಂತ್ರ ಕೊಳ್ಳುವ ಬಗ್ಗೆ ಕೇಳಿದರು. ಬಣ್ಣ ನೋಡಬೇಡಿ. ಗೊಬ್ಬರದ ಪೆಟ್ಟಿಗೆಯ ತಳಕ್ಕೆ ಬೆರಳು ಹಾಕಿ ತಿಕ್ಕಿ, ತುಕ್ಕು ಪದರ ಪದರವಾಗಿ ಎದ್ದರೆ ಹಿಂದಿನವರು ತೊಳೆದಿಡುತ್ತಿರಲಿಲ್ಲ ಅಂತ ಅರ್ಥ. ಗೊಬ್ಬರ ಗಾಳಿಯ ತೇವ ಹೀರಿ ಕಬ್ಬಿಣ ತಿನ್ನುತ್ತದೆ, ಬಿತ್ತಿದ ದಿನವೇ ತೆಗೆದು ತೊಳೆದು ಒಣಗಿಸಿ ಎಣ್ಣೆ ಸವರಬೇಕು. ಚೈನು, ಬೇರಿಂಗು, ಬೋಲ್ಟು ಸಾಮಾನ್ಯ ಅಳತೆಯವಾ, ಬೇರೆ ಕಡೆಯೂ ಸಿಗುತ್ತವಾ ಕೇಳಿ. ಎಲ್ಲ ತಟ್ಟೆಗಳೂ ಇವೆಯಾ ಎಣಿಸಿ, ಕಚ್ಚಿನ ಅಂಚು ಸವೆದು ದುಂಡಗಾಗಿದ್ದರೆ ಹೊಸ ತಟ್ಟೆ ಸಿಗುತ್ತದಾ ಅಂತ ಮೊದಲು ಖಚಿತ ಮಾಡಿಕೊಳ್ಳಿ. ಆಮೇಲೆ ಹೊಲಕ್ಕೆ ತರಿಸಿ. ಮುಚ್ಚುವ ಸರಪಳಿ, ಒತ್ತು ಚಕ್ರ ಎರಡನ್ನೂ ಬಿಚ್ಚಿಸಿ 10 ಮೀಟರ್ ಓಡಿಸಿ, ಬೀಜ ಕಾಣುತ್ತದೆ, ಟೇಪು ಹಿಡಿದು ಅಂತರ ಅಳೆಯಿರಿ. 20 ಸೆಂ.ಮೀ.ಗೆ ಒಂದರಂತೆ 50 ಬೀಜ ಬೀಳಬೇಕು. ಮತ್ತೆ ಜೋಡಿಸಿ ಇನ್ನೊಂದು 10 ಮೀಟರ್ ಓಡಿಸಿ, ಈ ಸಲ ಚಾಕುವಿನಿಂದ ಮಣ್ಣು ಕೆದಕಿ ಹತ್ತು ಕಡೆ ಆಳ ನೋಡಿ. ಇಷ್ಟು ಮಾಡೋಕೆ ಬಿಡದವರ ಹತ್ತಿರ ಯಂತ್ರ ಕೊಳ್ಳಬೇಡಿ.